ದ್ವಿತೀಯಾ ವಿಭಕ್ತಿಯಲ್ಲಿ ಎರ್ಸೀಲಿಯಾ

ಬಾಗಿಲು ತೆರೆದವನು ಸವೇರಿಯೊ!

ಎರಡು ಕೈಯಲ್ಲೂ ಚೀಟಿಗಳ ಪೆಟ್ಟಿಗೆ ಹಿಡಿದುಕೊಂಡು, ಮೊಣಕೈಯಿಂದ ಬಾಗಿಲು ತಳ್ಳಬೇಕೆಂದಿದ್ದ ಎರ್ಸೀಲಿಯಾ ಹೊಸ್ತಿಲಲ್ಲೇ ನಿಂತುಬಿಟ್ಟಳು. ಪೆಟ್ಟಿಗೆ ಜಾರಿತು. ಅವನು ಚಟ್ಟನೆ ಕೆಳಗಿನಿಂದ ಕೈ ಕೊಟ್ಟ. ಹಳೆಯ ರಟ್ಟಿನ ಕೆಳಗೆ ಇಬ್ಬರ ಬೆರಳುಗಳೂ ಒಂದಕ್ಕೊಂದು ತಾಗಿದವು...

ಇವನು ಇಲ್ಲೇಕೆ? ಅದೂ ಇವತ್ತೇ?

"ಹುಷಾರು," ಎಂದ ಅವನು. "ನೀವು ಬಿಡಿ, ನಾನು ಇಡ್ತೀನಿ."

ನೀವು!

ಒಂದೇ ಮಫ್ಲರನ್ನು ಇಬ್ಬರೂ ಸುತ್ತಿಕೊಂಡು ಟೈಬರ್ ನದಿಯ ದಂಡೆಯಲ್ಲಿ ಚಳಿಗಾಲ ಕಳೆದವರು ಅವರು. ಅವಳ ತಟ್ಟೆಯ ಕೊನೆಯ ತುತ್ತು ಯಾವಾಗಲೂ ಅವನದೇ ಆಗಿತ್ತು. ಆ ಬಾಯಿಂದ ಇವತ್ತು 'ನೀವು' ಬರುತ್ತಿದೆ. ಎರ್ಸೀಲಿಯಾ ಪೆಟ್ಟಿಗೆ ಬಿಡಲಿಲ್ಲ. ನನ್ನ ಕೆಲಸ ನಾನೇ ಮಾಡಿಕೊಳ್ಳುತ್ತೇನೆ ಎಂದು ಅವನನ್ನು ದಾಟಿ ಒಳಗೆ ಹೋದಳು.

ರೋಮ್ ನಗರದ ಪಂಥಿಯೋನ್ ಗುಡಿಯ ಹಿಂದಿನ ಓಣಿಯಲ್ಲಿ ಟೋಪಿ ಮಾರುವ ಅಂಗಡಿಯಿದೆಯಲ್ಲ, ಅದರ ಮೇಲಿನ ಮಹಡಿಯೇ ಲ್ಯಾಟಿನ್ ನಿಘಂಟಿನ ಕಚೇರಿ. ಇಲ್ಲಿ ಒಂದು ಪದವೆಂದರೆ ಒಂದು ಸಂಸಾರ. ಅದು ಎಲ್ಲಿ ಹುಟ್ಟಿತು, ಅದರ ಬಂಧುಬಳಗ ಯಾರು, ಯಾರ ಜೊತೆ ಯಾವ ವಿಭಕ್ತಿಯಲ್ಲಿ ಬಾಳಿತು, ಯಾವಾಗ ಅರ್ಥ ಬದಲಿಸಿತು, ಎಲ್ಲವನ್ನೂ ಒಬ್ಬರೇ ಕೂತು ಬರೆಯಬೇಕು. ಒಂದೊಂದಕ್ಕೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಸತ್ತ ಭಾಷೆಗೆ ಇಷ್ಟೊಂದು ಉಪಚಾರವೇ ಎಂದು ಹೊರಗಿನವರು ನಗುತ್ತಾರೆ. ನಗಲಿ ಬಿಡಿ.

ಬರೆದದ್ದು ಅಚ್ಚಿಗೆ ಹೋಗುವ ಮೊದಲು ಒಂದು ಓದಿನ ದಿನ. ಬರೆದವರು ಎಲ್ಲರೆದುರು ನಿಂತು ಗಟ್ಟಿಯಾಗಿ ಓದಬೇಕು. ಎದುರಿಗೆ ಹೊರಗಿನಿಂದ ಬಂದ ಪರೀಕ್ಷಕ ಕೂತಿರುತ್ತಾರೆ. ಅವರು ನಿಲ್ಲಿ ಎಂದ ಕಡೆ ನಿಂತು, ಆ ಮಾತಿಗೆ ಆಧಾರವಾದ ಚೀಟಿ ತೋರಿಸಬೇಕು. ಚೀಟಿಯೆಂದರೆ, ಯಾವನೋ ಹಳೆಯ ರೋಮನ್ನನು ಆ ಪದ ಬಳಸಿದ ವಾಕ್ಯ. ಚೀಟಿ ಇಲ್ಲದಿದ್ದರೆ ಬರೆದವರೇ ತಮ್ಮ ಕೈಯಾರೆ ಆ ಮಾತನ್ನು ಹೊಡೆದುಹಾಕಬೇಕು. ಕೊನೆಯಲ್ಲಿ ಪರೀಕ್ಷಕ ಸಹಿ ಹಾಕಿದರೆ ಪದ ಪಾಸು.

ವಸಂತದಲ್ಲಿ ಎರ್ಸೀಲಿಯಾ ಬರೆದ 'ಮೆಲ್' ಪಾಸಾಗಿರಲಿಲ್ಲ. ಮೆಲ್ ಎಂದರೆ ಜೇನು. ಅದಕ್ಕೆ ಚೀಟಿಯಿಲ್ಲದ ಒಂದು ಅರ್ಥವನ್ನು ತಾನೇ ಸೇರಿಸಿ, ತೆಗೆಯುವುದಿಲ್ಲವೆಂದು ಹಟ ಹಿಡಿದಿದ್ದಳು. ಪದ ಬೇರೆಯವರ ಪಾಲಾಯಿತು. ಈ ಸಲವೂ ಹಾಗಾದರೆ ಕೆಲಸವೇ ಹೋದಂತೆ. ಆಮೇಲೆ ಹುಟ್ಟೂರು ರಿಯೇತಿಗೆ ಹೋಗಿ, ಟ್ಯೂಷನ್ನಿಗೆ ಬರುವ ಮಕ್ಕಳಿಗೆ ವಿಭಕ್ತಿ ಬಾಯಿಪಾಠ ಮಾಡಿಸುತ್ತ ಕೂರುವುದೇ ಗತಿ. ಈ ಕಚೇರಿ, ಈ ಚೀಟಿಗಳು, ಇದೊಂದೇ ಅವಳಿಗೆ ಉಳಿದಿದ್ದದ್ದು. ಉಳಿದದ್ದೆಲ್ಲ ಸವೇರಿಯೊ ಜೊತೆ ಜರ್ಮನಿಯ ರೈಲು ಹತ್ತಿ ಹೋಗಿ ವರ್ಷಗಳೇ ಆಗಿದ್ದವು.

ಇವತ್ತಿನ ಪದ 'ಮೆಮಿನಿ'. ನನಗೆ ನೆನಪಿದೆ ಎಂದು ಅರ್ಥ.

ಪರೀಕ್ಷಕರಾಗಿ ಬೊಲೊನ್ಯಾದ ವೃದ್ಧರೊಬ್ಬರು ಬರಬೇಕಿತ್ತು. ಅವರು ಸ್ನಾನದ ಮನೆಯಲ್ಲಿ ಜಾರಿ ಬಿದ್ದರಂತೆ. ಅವರ ಬದಲು ಜರ್ಮನಿಯಲ್ಲಿ ಇದೇ ಬಗೆಯ ಕೆಲಸದಲ್ಲಿದ್ದ ಸವೇರಿಯೊ ಬಂದಿದ್ದ. ಅಂದರೆ ಅವಳ ಕೆಲಸ, ಅವಳ ಹೆಸರು, ಎಲ್ಲ ಇವತ್ತು ಈ ಮನುಷ್ಯನ ಒಂದು ಸಹಿಯಲ್ಲಿ!

ದೇವರೇ, ಇನ್ಯಾರೂ ಸಿಗಲಿಲ್ಲವೇ ನಿನಗೆ...

ಉದ್ದನೆಯ ಮೇಜಿನ ಸುತ್ತ ಎಲ್ಲರೂ ಕೂತರು. ಕಚೇರಿಯ ಮುಖ್ಯಸ್ಥರಾದ ಪ್ರೊಫೆಸರ್ ಬಾರ್ದಿ ಹಣ್ಣು ಹಣ್ಣು ಮುದುಕರು, ಆದರೆ ಕಿವಿ ಚುರುಕು, ಬಾಯಿ ಅದಕ್ಕಿಂತ ಚುರುಕು. ಅವರು ಇಬ್ಬರನ್ನೂ ಕನ್ನಡಕದ ಮೇಲಿಂದ ನೋಡಿ, ನಿಮಗೆ ಮೊದಲೇ ಪರಿಚಯವುಂಟೇ ಎಂದು ಲ್ಯಾಟಿನ್ನಿನಲ್ಲೇ ಕೇಳಿದರು. ಓದಿನ ದಿನ ಹೀಗೆ ಲ್ಯಾಟಿನ್ನಿನಲ್ಲಿ ಕೀಟಲೆ ಮಾಡುವುದು ಅವರ ಅಭ್ಯಾಸ.

ಸವೇರಿಯೊ ಅವಳ ಕಡೆ ತಿರುಗಿದ. ಮುಖದಲ್ಲಿ ಏನೂ ಇರಲಿಲ್ಲ.

"ಎರ್ಸೀಲಿಯಾಮ್ ಮೆಮಿನಿ," ಎಂದ.

ಎಲ್ಲರೂ ನಕ್ಕರು. ಇವತ್ತಿನ ಪದವನ್ನೇ ಎಷ್ಟು ಚೆನ್ನಾಗಿ ಬಳಸಿದ ಎಂದು ಮೇಜು ತಟ್ಟಿದರು. ಎರ್ಸೀಲಿಯಾ ಕೂಡ ತುಟಿ ಅರಳಿಸಿದಳು. ಒಳಗೆ ಮಾತ್ರ ಏನೋ ಮುರಿದುಬಿತ್ತು.

ಎರ್ಸೀಲಿಯಾಮ್. ಎರ್ಸೀಲಿಯಾಳನ್ನು. ದ್ವಿತೀಯಾ ವಿಭಕ್ತಿ!

ಇದರಲ್ಲೇನು ಅಳುವಂಥದ್ದು ಎನ್ನಬೇಡಿ. ನಾವು ಶಾಲೆಯಲ್ಲಿ ದ್ವಿತೀಯಾ ಅನ್ನು, ಷಷ್ಠೀ ಅ ಎಂದು ಹಾಡಿದ್ದೇವಲ್ಲ, ಅದೇ ವಿಭಕ್ತಿಗಳು. ಮೆಮಿನಿ ಎಂಬ ಕ್ರಿಯಾಪದಕ್ಕೆ ಈ ಎರಡರಲ್ಲಿ ಯಾವುದು ಬೇಕಾದರೂ ಹೊಂದುತ್ತದೆ. 'ಎರ್ಸೀಲಿಯೆ ಮೆಮಿನಿ' ಎಂದು ಷಷ್ಠಿಯಲ್ಲಿ ಹೇಳಿದ್ದರೆ, ಎರ್ಸೀಲಿಯಾಳ ನೆನಪು ನನ್ನಲ್ಲಿದೆ, ಅವಳು ನನ್ನ ಮನಸ್ಸಿನಲ್ಲಿದ್ದಾಳೆ ಎಂದಾಗುತ್ತಿತ್ತು. ದ್ವಿತೀಯೆಯಲ್ಲಿ ಹೇಳಿದರೆ? ಅದನ್ನು ಎರ್ಸೀಲಿಯಾಳೇ ತನ್ನ ಬರಹದಲ್ಲಿ ಬರೆದಿಟ್ಟಿದ್ದಳು, "ಕೇವಲ ಹಿಂದೆ ಕಂಡ ವ್ಯಕ್ತಿಯನ್ನು ಜ್ಞಾಪಿಸಿಕೊಳ್ಳುವುದು" ಎಂದು. ಹೂಂ, ಯಾವಾಗಲೋ ನೋಡಿದ ಹಾಗಿದೆ, ಎನ್ನುವಂಥ ನೆನಪು.

ಬೇಕೆಂದೇ ಆ ವಿಭಕ್ತಿ ಆರಿಸಿದ. ಇವನಂಥವನ ಬಾಯಿಂದ ವಿಭಕ್ತಿ ತಪ್ಪಿ ಬೀಳುವುದಿಲ್ಲ. ಎಲ್ಲರೆದುರು ನನ್ನನ್ನು ಒಂದು ಹಳೆಯ ಪರಿಚಯ ಮಾಡಿಬಿಟ್ಟ...

"ಶುರು ಮಾಡಮ್ಮ," ಎಂದರು ಪ್ರೊಫೆಸರ್.

ಎರ್ಸೀಲಿಯಾ ಎದ್ದು ನಿಂತಳು. ಕಾಗದವನ್ನು ಎರಡೂ ಕೈಯಲ್ಲಿ ಹಿಡಿದಳು. ಮೊದಲು ಪದದ ಹುಟ್ಟು. ಮೆಮಿನಿಯ ಬೇರು 'ಮೆನ್', ಮನಸ್ಸಿಗೆ ಸಂಬಂಧಪಟ್ಟದ್ದು. ದೂರದ ಭಾರತದ ಸಂಸ್ಕೃತದಲ್ಲಿ 'ಮನಸ್' ಎನ್ನುವುದೂ ಅದೇ ಬೇರಿನ ಚಿಗುರು. ಬೇರಿನ ಮೊದಲ ಧ್ವನಿಯನ್ನು ಎರಡು ಸಲ ನುಡಿದು, ಮೆ-ಮಿನ್ ಎಂದು ಆದ ರೂಪ ಇದು. ಓದುತ್ತ ಓದುತ್ತ ಅವಳ ದನಿ ಸ್ಥಿರವಾಯಿತು. ಪ್ರೊಫೆಸರ್ ಕಣ್ಣು ಮುಚ್ಚಿ ತಲೆದೂಗುತ್ತಿದ್ದರು.

ಆಮೇಲೆ ವ್ಯಾಕರಣ. ಈ ಕ್ರಿಯಾಪದಕ್ಕೆ ವರ್ತಮಾನದ ರೂಪವೇ ಇಲ್ಲ. ರೂಪ ಭೂತಕಾಲದ್ದು, ಅರ್ಥ ಮಾತ್ರ ಈಗಿನದು. ನಾವು ಸುಸ್ತಾಯಿತು ಎನ್ನುವುದಿಲ್ಲವೇ, ಸುಸ್ತು ಈಗಲೇ ಇರುತ್ತದೆ. ಅದೇ ರೀತಿ, ಎಂದೋ ಮನಸ್ಸಿಗೆ ತಂದುಕೊಂಡೆ, ಆದ್ದರಿಂದ ಈಗಲೂ ನೆನಪಿದೆ. ಇಲ್ಲಿಯವರೆಗೂ ಸವೇರಿಯೊ ಬಾಯಿ ಬಿಡಲಿಲ್ಲ. ಪೆನ್ಸಿಲಿನ ಹಿಂತುದಿಯನ್ನು ಗಲ್ಲಕ್ಕೆ ಒತ್ತಿ ಕೇಳುತ್ತಿದ್ದ. ಯೋಚಿಸುವಾಗ ಅವನು ಹಾಗೇ ಮಾಡುತ್ತಿದ್ದದ್ದು. ಅದನ್ನು ನೋಡಬಾರದೆಂದು ಅವಳು ಕಾಗದದಿಂದ ಕಣ್ಣೆತ್ತಲಿಲ್ಲ.

"ದ್ವಿತೀಯಾ ವಿಭಕ್ತಿಯಲ್ಲಿ ವ್ಯಕ್ತಿಯೊಡನೆ," ಎಂದು ಓದಿದಳು. "ಕೇವಲ ಹಿಂದೆ ಕಂಡ..."

"ನಿಲ್ಲಿ."

ಕೋಣೆಯಲ್ಲಿ ಕುರ್ಚಿಗಳು ಕಿರ್ರೆಂದವು.

"ಕೇವಲ ಅಂತ ಬರೆದಿದ್ದೀರಲ್ಲ," ಎಂದ ಸವೇರಿಯೊ. ದನಿ ತಣ್ಣಗಿತ್ತು. "ಆ ಕೇವಲಕ್ಕೆ ಚೀಟಿ ತೋರಿಸಿ."

ಅವಳಿಗೆ ಸಿಟ್ಟು ನೆತ್ತಿಗೇರಿತು. ಬೆಳಗ್ಗೆ ತಾನೇ ಆ ಅರ್ಥದಲ್ಲಿ ನನ್ನ ಮುಖಕ್ಕೆ ಹೊಡೆದು, ಈಗ ಚೀಟಿ ಕೇಳುತ್ತಾನಲ್ಲ! ಇದು ಎಲ್ಲ ವಿದ್ಯಾರ್ಥಿಗಳೂ ಓದುವ ಭೇದ, ಷಷ್ಠಿಯಲ್ಲಿ ಆಳವಾದ ನೆನಪು, ದ್ವಿತೀಯೆಯಲ್ಲಿ ಮೇಲ್ಮೇಲಿನದು, ಎಂದಳು. ಅವನು ಒಪ್ಪಲಿಲ್ಲ. ಎಲ್ಲರೂ ಓದುತ್ತಾರೆ ಎನ್ನುವುದು ಚೀಟಿಯಲ್ಲ ಎಂದ. ಅವಳು ಮಾತಿಗೆ ಮಾತು ಬೆಳೆಸಿದಳು. ಅವನು ದನಿಯೇರಿಸದೆ ಅದೇ ಪ್ರಶ್ನೆಗೆ ಬಂದು ನಿಂತ. ಉಳಿದವರು ಒಮ್ಮೆ ಇವಳನ್ನು, ಒಮ್ಮೆ ಅವನನ್ನು ನೋಡುತ್ತಿದ್ದರು. ವಸಂತದ ಜೇನಿನ ಜಗಳ ಎಲ್ಲರಿಗೂ ನೆನಪಿಗೆ ಬರುತ್ತಿದೆ ಎಂದು ಅವರ ಮುಖದಲ್ಲೇ ಬರೆದಿತ್ತು.

ಪ್ರೊಫೆಸರ್ ಮೇಜಿನ ಮೇಲೆ ಅಂಗೈ ಊರಿದರು. ಕಾಫಿ ಕುಡಿದು ಬನ್ನಿ, ಆಮೇಲೆ ಚೀಟಿ ತೋರಿಸು ಇಲ್ಲವೇ ಆ ಮಾತು ಹೊಡೆದುಹಾಕು, ಎರಡರಲ್ಲೊಂದು, ಎಂದು ಎದ್ದರು.

ಎರ್ಸೀಲಿಯಾ ಪೆಟ್ಟಿಗೆ ಎತ್ತಿಕೊಂಡು ಚೀಟಿಗಳ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಲ್ಲಿ ನುನ್ಸಿಯಾ ಇದ್ದಳು, ಆ ಕೋಣೆಯ ಯಜಮಾನಿ. ನದಿಯಾಚೆಯ ತ್ರಾಸ್ತೇವೆರೆ ಕೇರಿಯಲ್ಲಿ ಹುಟ್ಟಿ ಬೆಳೆದವಳು, ಬಾಯಿಗೆ ಬಾಗಿಲಿಲ್ಲ. ಅವಳು ಕಾಫಿಯ ಪುಟ್ಟ ಕಪ್ಪನ್ನು ಮುಂದೆ ತಳ್ಳಿ, ಸಕ್ಕರೆ ಎರಡು ಚಮಚ ಹಾಕಿದ್ದೀನಿ, ಕುಡಿ, ಮುಖ ಸುಣ್ಣ ಹೊಡೆದ ಗೋಡೆ ಆಗಿದೆ, ಎಂದಳು.

"ನನ್ನನ್ನ ಓಡಿಸೋಕೇ ಬಂದಿದಾನೆ, ಸಿನ್ಯೋರಾ ನುನ್ಸಿಯಾ."

"ಓಡಿಸೋಕೆ ಯಾರಾದ್ರೂ ತಾವೇ ಫೋನ್ ಮಾಡಿ ಬರ್ತಾರಾ, ಮಗಳೇ?" ಎಂದಳು ನುನ್ಸಿಯಾ. "ಬೊಲೊನ್ಯಾದವರು ಬಿದ್ರು ಅನ್ನೋ ಸುದ್ದಿ ಮುಟ್ಟಿದ ದಿನವೇ ಈ ಹುಡುಗನ ಫೋನು. ಯಾವ ಪದ ಅಂತ ಕೇಳ್ಲಿಲ್ಲ. ಬರೆದಿರೋದು ಯಾರು ಅಂತ ಕೇಳ್ದ. ನಾನೇ ಎತ್ತಿದ್ದು."

ಎರ್ಸೀಲಿಯಾ ಕಪ್ಪು ಕೆಳಗಿಟ್ಟಳು. ಹಾಗಾದರೆ ಬೇಕೆಂದೇ ಬಂದ... ಯಾಕೆ? ಹಳೇ ಲೆಕ್ಕ ತೀರಿಸಲೋ? ಬಿಟ್ಟು ಹೋದವನು ಅವನು. ತೀರಿಸುವುದಿದ್ದರೆ ನಾನು ತೀರಿಸಬೇಕು!

ಅವಳು ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು. ಮುದುಕನೊಬ್ಬ ತನ್ನ ಬಾಲ್ಯದ ಸರ್ವಾಧಿಕಾರಿಯನ್ನು ನೆನೆಯುತ್ತಾನೆ. ಅವನನ್ನು ನಾನು ಕಂಡಿದ್ದೇನೆ, ಆ ಕಾಲದಲ್ಲಿ ಇದ್ದವನು ನಾನು ಎಂಬ ದನಿ. ಇನ್ನೊಬ್ಬ ತನ್ನ ಗುರುವನ್ನು ನೆನೆಯುತ್ತಾನೆ. ಅವರ ಕಾಲ ಬುಡದಲ್ಲಿ ಕೂತು ಕೇಳಿದ್ದೇನೆ ಎಂಬ ಹೆಮ್ಮೆ. ಮತ್ತೊಂದು, ಇನ್ನೊಂದು. ಎಲ್ಲರೂ ಕಣ್ಣಾರೆ ಕಂಡವರೇ. ಒಬ್ಬರಲ್ಲೂ ತಾತ್ಸಾರವಿಲ್ಲ. ಯಾರಲ್ಲೂ 'ಕೇವಲ' ಇಲ್ಲ. ಇಷ್ಟು ತಿಂಗಳು ಇವೇ ಚೀಟಿಗಳನ್ನು ಕೈಯಲ್ಲಿಟ್ಟುಕೊಂಡಿದ್ದಳು. ಓದಿದ್ದಳು, ಆದರೆ ಕೇಳಿಸಿಕೊಂಡಿರಲಿಲ್ಲ.

ಒಂದೇ ಒಂದು ಚೀಟಿ ಅವಳ ಕೈ ಹಿಡಿಯುವಂತಿತ್ತು. ಯಾವುದೋ ಸಮಾಧಿಯ ಕಲ್ಲಿನಿಂದ ಹಿಂದಿನ ಕಾಲದವರು ನಕಲು ಮಾಡಿದ ಒಂದು ಸಾಲು. 'ತೆ ಮೆಮಿನಿ ತಾಂತುಮ್.' ನಿನ್ನನ್ನು ನೆನೆಯುತ್ತೇನೆ, ಕೇವಲ. ತಾಂತುಮ್ ಎಂದರೆ ಕೇವಲ! ಇದನ್ನು ಮೇಜಿನ ಮೇಲಿಟ್ಟರೆ ಸವೇರಿಯೊ ಬಾಯಿ ಮುಚ್ಚುತ್ತದೆ. ಪದ ಪಾಸು, ಕೆಲಸ ಉಳಿಯಿತು.

ಆದರೆ...

ನಿನ್ನೆ ಅವಳು ಆ ಕಲ್ಲನ್ನು ನೋಡಲು ಹೋಗಿದ್ದಳು. ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ, ಗೋಡೆಗೆ ಒರಗಿಸಿಟ್ಟ ಮುರುಕು ಕಲ್ಲುಗಳ ನಡುವೆ ಅದು ಇತ್ತು. ಚೀಟಿಯಲ್ಲಿದ್ದ ಸಾಲಿನ ಕೆಳಗೆ, ಸುಣ್ಣ ಕಟ್ಟಿ ಮಸುಕಾದ ಇನ್ನೊಂದು ಸಾಲು. ಬೆರಳಿಂದ ಉಜ್ಜಿ ಓದಿದ್ದಳು. ಓದಿ, ಸರಿಯಾಗಿ ಕಾಣಲಿಲ್ಲ ಎಂದು ತನಗೆ ತಾನೇ ಹೇಳಿಕೊಂಡು ಮನೆಗೆ ಬಂದಿದ್ದಳು. ರಾತ್ರಿ ನಿದ್ದೆ ಹತ್ತಿರಲಿಲ್ಲ.

ಆ ಸಾಲು ಅವಳಿಗೊಬ್ಬಳಿಗೇ ಗೊತ್ತು. ಹೇಳದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಹೇಳಿದರೆ ಮತ್ತದೇ ತಪ್ಪು. ಚೀಟಿಯಿಲ್ಲದ ಮಾತು ಬರೆದವಳು ಎಂಬ ಹೆಸರು. ಮತ್ತೆ ರಿಯೇತಿ.

ನುನ್ಸಿಯಾ ಕರವಸ್ತ್ರ ಕೊಟ್ಟು, ಮೂಗು ಒರೆಸಿಕೊಂಡು ಹೋಗು, ಎಂದಳು ಅಷ್ಟೇ.

ಎಲ್ಲರೂ ಮತ್ತೆ ಕೂತಿದ್ದರು. ಎರ್ಸೀಲಿಯಾ ನಿಂತಳು. ಸಮಾಧಿಯ ಚೀಟಿಯನ್ನು ಸವೇರಿಯೊ ಮುಂದೆ ಇಟ್ಟಳು.

ಅವನು ಓದಿದ. ಅವನ ಮುಖ ಇಳಿದುಹೋಯಿತು. ಗೆದ್ದವಳಂತೆ ಅನಿಸಬೇಕಿತ್ತು ಅವಳಿಗೆ. ಅನಿಸಲಿಲ್ಲ. ಪ್ರೊಫೆಸರ್ ಚೀಟಿ ಇಸಿದುಕೊಂಡು, ತಾಂತುಮ್ ಇದೆ, ಸ್ಪಷ್ಟವಾಗೇ ಇದೆ, ಆಕ್ಷೇಪಣೆ ಬಿದ್ದುಹೋಯಿತು, ಎಂದರು.

"ಮುಂದೆ ಓದಿ," ಎಂದ ಸವೇರಿಯೊ. ದನಿ ಕುಗ್ಗಿತ್ತು.

ಅವಳು ಮುಂದೆ ಓದಬಹುದಿತ್ತು. ಬಾಯಿ ತೆರೆದದ್ದೂ ಅದಕ್ಕೇ.

"ಇಲ್ಲ ಪ್ರೊಫೆಸರ್," ಎಂದಳು. "ಈ ಚೀಟಿ ಅರ್ಧ. ಕಲ್ಲಿನಲ್ಲಿ ಕೆಳಗೆ ಇನ್ನೊಂದು ಸಾಲಿದೆ. ನಾನು ನೋಡಿದ್ದೀನಿ."

"ಏನಿದೆ?"

"ಚೆತೆರೋರುಮ್ ಓಬ್ಲೀತುಸ್. ಉಳಿದವರನ್ನೆಲ್ಲ ಮರೆತು." ಅವಳು ಪ್ರೊಫೆಸರ ಕೈಯಲ್ಲಿದ್ದ ಚೀಟಿಯ ಕಡೆ ಬೆರಳು ತೋರಿಸಿದಳು. "ಗಂಡನೊಬ್ಬ ತನ್ನ ಸತ್ತ ಹೆಂಡತಿಗೆ ಹಾಕಿಸಿದ ಕಲ್ಲು ಅದು. ಆ ತಾಂತುಮ್ 'ನೆನೆಯುತ್ತೇನೆ' ಅನ್ನೋದಕ್ಕೆ ಸೇರಿದ್ದಲ್ಲ, 'ನಿನ್ನನ್ನು' ಅನ್ನೋದಕ್ಕೆ ಸೇರಿದ್ದು. ನಿನ್ನನ್ನು ಕೇವಲ ನೆನೆಯುತ್ತೇನೆ ಅಂತಲ್ಲ. ಕೇವಲ ನಿನ್ನನ್ನೇ ನೆನೆಯುತ್ತೇನೆ, ಉಳಿದವರನ್ನೆಲ್ಲ ಮರೆತು."

ಅವಳು ನಿಲ್ಲಿಸಲಿಲ್ಲ. ಈಗ ನಿಂತರೆ ಮತ್ತೆ ಧೈರ್ಯ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಉಳಿದ ಚೀಟಿಗಳನ್ನೂ ಈಗ ಮತ್ತೆ ನೋಡಿದೆ, ಒಂದರಲ್ಲೂ ತಾತ್ಸಾರವಿಲ್ಲ, ಎಂದಳು. ಷಷ್ಠಿಯಲ್ಲಿ ಯಾರನ್ನು ಬೇಕಾದರೂ ನೆನೆಯಬಹುದು, ಕಾಣದವರನ್ನು, ಹೆಸರಷ್ಟೇ ಕೇಳಿದವರನ್ನೂ. ದ್ವಿತೀಯೆ ಹಾಗಲ್ಲ. ಎದುರಿಗೆ ನಿಂತು ಕಂಡವರಿಗೆ, ಜೊತೆಯಲ್ಲಿ ಬದುಕಿದವರಿಗೆ ಮಾತ್ರ ಅದು ಸಲ್ಲುತ್ತದೆ. ಕೇವಲ ಎನ್ನುವುದು ಯಾವ ರೋಮನ್ನನದೂ ಅಲ್ಲ. ನಾನು ಸೇರಿಸಿದ್ದು.

ಹೇಳುತ್ತ ಹೇಳುತ್ತಲೇ ಅವಳಿಗೆ ಹೊಳೆಯಿತು.

ಎರ್ಸೀಲಿಯಾಮ್ ಮೆಮಿನಿ...

ಕಣ್ಣಾರೆ ಕಂಡವಳು. ಜೊತೆಯಲ್ಲಿ ಬದುಕಿದವಳು.

ಹೊಳೆದದ್ದು ಅವಳೊಬ್ಬಳಿಗಲ್ಲ. ಆ ಮೇಜಿನ ಸುತ್ತ ಕೂತವರೆಲ್ಲ ಲ್ಯಾಟಿನ್ ಅರೆದು ಕುಡಿದವರು, ಬೆಳಗಿನ ಮಾತನ್ನು ಎಲ್ಲರೂ ಕೇಳಿದವರು. ಒಬ್ಬರು ಕೆಮ್ಮಿದರು. ಇನ್ನೊಬ್ಬರು ಕಿಟಕಿಯ ಆಚೆ ಪಾರಿವಾಳ ನೋಡತೊಡಗಿದರು. ಪ್ರೊಫೆಸರ್ ಕನ್ನಡಕ ತೆಗೆದು, ಸ್ವಚ್ಛವಾಗಿದ್ದ ಗಾಜನ್ನೇ ಮತ್ತೆ ಮತ್ತೆ ಒರೆಸಿದರು. ಸವೇರಿಯೊ ಕಿವಿ ಕೆಂಪಾಗಿ ಪೆನ್ಸಿಲನ್ನೇ ನೋಡುತ್ತ ಕೂತಿದ್ದ.

ಎರ್ಸೀಲಿಯಾ ಪೆನ್ನು ತೆಗೆದು 'ಕೇವಲ' ಎಂಬುದರ ಮೇಲೆ ಗೆರೆ ಎಳೆದಳು. ಗೆರೆ ಸೊಟ್ಟಗಾಯಿತು. ಉಳಿದದ್ದನ್ನು ಓದಿ ಮುಗಿಸಿದಳು. ಏನು ಓದಿದಳೋ ಅವಳಿಗೇ ಗೊತ್ತಿಲ್ಲ.

ಪರೀಕ್ಷಕರದು ಇನ್ನೇನಾದರೂ ಇದೆಯೇ ಎಂದು ಪ್ರೊಫೆಸರ್ ಕೇಳಿದರು. ಅವನು ಇಲ್ಲವೆಂದು ತಲೆಯಾಡಿಸಿ ಸಹಿ ಹಾಕಿದ. ಎರ್ಸೀಲಿಯಾ ಪೆಟ್ಟಿಗೆಗೆ ಚೀಟಿ ತುಂಬತೊಡಗಿದಳು. ಸಹಿ ಬಿದ್ದರೇನು, ಓದಿನ ದಿನ ತಪ್ಪು ಒಪ್ಪಿಕೊಂಡವಳನ್ನು ಇವರು ಇಟ್ಟುಕೊಳ್ಳುತ್ತಾರೆಯೇ?

"ಚೀಟಿಗಳನ್ನ ಎಲ್ಲಿಗೆ ತಗೊಂಡು ಹೋಗ್ತಿದ್ದೀಯಮ್ಮ?" ಎಂದರು ಪ್ರೊಫೆಸರ್. "ವಸಂತದಲ್ಲಿ ಪದಕ್ಕೋಸ್ಕರ ಚೀಟಿ ಬಿಟ್ಟೆ. ಇವತ್ತು ಚೀಟಿಗೋಸ್ಕರ ಪದ ಬಿಟ್ಟೆ. ಅಷ್ಟನ್ನೇ ನಾನು ನೋಡ್ಬೇಕಿದ್ದದ್ದು. ಸೋಮವಾರ ಬಾ, ಕೆಲಸ ಕಾಯಂ ಮಾಡೋಣ."

ಅವಳು ಚೀಟಿಗಳ ಪೆಟ್ಟಿಗೆಯನ್ನು ಮೇಜಿನ ಮೇಲೇ ಬಿಟ್ಟಳು. ಹೊರಗೆ ಬಂದಾಗ ನುನ್ಸಿಯಾ ಕೋಟು ಹಿಡಿದು ನಿಂತಿದ್ದಳು. ಹುಡುಗ ಕೆಳಗೆ ಟೋಪಿ ಅಂಗಡಿ ಮುಂದೆ ನಿಂತಿದ್ದಾನೆ, ಟೋಪಿ ತಗೊಳ್ಳೋ ಮುಖ ಅಲ್ಲ ಅದು, ಎಂದು ಕೋಟು ತೊಡಿಸಿ ಬೆನ್ನಿಗೆ ಒಂದು ಗುದ್ದು ಕೊಟ್ಟಳು.

ಓಣಿಯಲ್ಲಿ ಸಂಜೆಯ ಬಿಸಿಲು ಗೋಡೆಗಳ ಮೇಲ್ಭಾಗದಲ್ಲಷ್ಟೇ ಉಳಿದಿತ್ತು. ಮೂಲೆಯಲ್ಲಿ ಚೆಸ್ಟ್‌ನಟ್ ಸುಡುವವನ ಒಲೆಯ ಹೊಗೆ. ಇಬ್ಬರೂ ಒಂದಷ್ಟು ದೂರ ನಡೆದರು. ಸ್ಕೂಟರೊಂದು ಹಾರ್ನ್ ಹೊಡೆದಾಗ ಅವನು ಅವಳನ್ನು ಗೋಡೆಯ ಕಡೆ ಸರಿಸಿ, ಕೂಡಲೇ ಕೈ ತೆಗೆದ.

"ನನ್ನ ಮೇಲಿನ ಸಿಟ್ಟಿಗೆ ಆ ಪದ ಹಿಡಿದ್ರಾ?" ಎಂದು ಕೇಳಿದಳು.

"ಚೀಟಿ ಇರಲಿಲ್ಲ. ಅದಕ್ಕೆ."

"ಅಷ್ಟೇನಾ?"

ಅವನು ನಿಂತ. "ಬೆಳಗ್ಗೆ ನಾನು ಹಾಗಂದಾಗ ನಿಮ್ಮ ಮುಖ ನೋಡಿದೆ. ಆಮೇಲೆ ನೀವು ಓದಿದ್ರಿ, ಕೇವಲ ಅಂತ. ಆಗ ಅರ್ಥ ಆಯ್ತು, ನನ್ನ ಮಾತು ನಿಮ್ಮನ್ನ ಹೇಗೆ ಮುಟ್ಟಿರಬಹುದು ಅಂತ. ಆ ಪದ ಅಚ್ಚಾಗಿ ಹೋಗಿದ್ರೆ ನನ್ನ ಮಾತಿಗೂ ಅದೇ ಅರ್ಥ ನಿಂತುಬಿಡ್ತಿತ್ತು."

"ಷಷ್ಠಿಯಲ್ಲಿ ಹೇಳಬಹುದಿತ್ತಲ್ಲ."

"ಅದು ಎಂದೂ ಕಾಣದವರಿಗೂ ನಡೆಯುತ್ತೆ," ಎಂದ ಅವನು.

ಎರ್ಸೀಲಿಯಾಳ ಕಣ್ಣು ತುಂಬಿ ಬಂತು. ಇಷ್ಟು ವರ್ಷ ನುಂಗಿಕೊಂಡದ್ದೆಲ್ಲ ಒಮ್ಮೆಲೇ ಬಾಯಿಗೆ ಬಂತು. ಅಷ್ಟೊಂದು ನೆನಪಿದ್ದವರು ಒಂದು ಫೋನ್ ಯಾಕೆ ಮಾಡಲಿಲ್ಲ? ನಾನು ಕಾದೆ, ಕ್ರಿಸ್‌ಮಸ್ಸಿಗೆ ಕಾದೆ, ಈಸ್ಟರಿಗೆ ಕಾದೆ. ನೀವೇ ನನ್ನನ್ನು ಬಿಟ್ಟು ಹೋದಿರಿ, ಎಂದಳು.

ಅವನು ಬೆರಗಾಗಿ ನೋಡಿದ.

"ನಾನು ಬಿಟ್ಟೆನಾ? ಸ್ಟೇಷನ್ನಲ್ಲಿ ನೀವೇ ಅಲ್ವಾ ಮುಗಿಸಿದ್ದು? ರೈಲು ಹೊರಡೋ ಮೊದಲೇ ಮುಖ ತಿರುಗಿಸಿ ಹೋದ್ರಿ. ಹೋಗುವಾಗ ಅಂದಿದ್ದು ಒಂದೇ ಪದ. ಮೆಮೆಂಟೊ."

"ಹೌದು. ನೆನಪಿಟ್ಕೋ ಅಂದೆ."

"ಅದು ಭವಿಷ್ಯದ ಆಜ್ಞೆ," ಎಂದ ಅವನು. "ಈಗ ನೆನೆ ಅಂತಲ್ಲ. ಮುಂದೆಂದಾದ್ರೂ ನೆನೆ ಅಂತ. ಉಯಿಲಲ್ಲಿ ಬರೆಯೋ ರೂಪ ಅದು. ಇಷ್ಟಕ್ಕೆ ಮುಗೀತು, ದೂರದಿಂದ ಯಾವಾಗಾದ್ರೂ ನೆನೆಸ್ಕೋ ಅಂದ ಹಾಗೆ ಕೇಳಿಸ್ತು. ಆಲ್ಪ್ಸ್ ದಾಟೋವರೆಗೂ ಅದನ್ನೇ ತಿರುಗಿಸಿ ಮುರುಗಿಸಿ ನೋಡ್ತಾ ಕೂತಿದ್ದೆ."

ಎರ್ಸೀಲಿಯಾ ಅವನನ್ನೇ ದಿಟ್ಟಿಸಿದಳು. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಕೊನೆಗೆ ಎರಡೂ ಬಂದವು.

"ಕತ್ತೆ," ಎಂದಳು. 'ನೀವು' ಎಲ್ಲಿ ಬಿದ್ದುಹೋಯಿತೋ ಅವಳಿಗೆ ಗೊತ್ತೇ ಆಗಲಿಲ್ಲ. "ಆ ಕ್ರಿಯಾಪದಕ್ಕೆ ಬೇರೆ ಆಜ್ಞಾರೂಪ ಇದೆಯಾ? ಈಗ ನೆನೆ ಅನ್ನೋದಕ್ಕೆ ಲ್ಯಾಟಿನ್ನಲ್ಲಿ ರೂಪವೇ ಇಲ್ಲ. ಇರೋದು ಅದೊಂದೇ. ನಾನು ಇನ್ನೇನು ಹೇಳ್ಬೇಕಿತ್ತು?"

ಅವನು ಅಂಗೈಯಿಂದ ಹಣೆ ಚಚ್ಚಿಕೊಂಡ. ಜರ್ಮನಿಯಲ್ಲಿ ಕೂತು ಲ್ಯಾಟಿನ್ ಪದಗಳ ಜಾತಕ ಬರೆಯುವ ಮನುಷ್ಯ!

"ಗೊತ್ತಿತ್ತು," ಎಂದ ಮೆಲ್ಲಗೆ. "ಪರೀಕ್ಷೆಯಲ್ಲಿ ಎಷ್ಟು ಸಲ ಬರೆದಿಲ್ಲ ಅದನ್ನ. ಆದ್ರೆ ಹೆದರಿದ್ದೆ ಎರ್ಸೀಲಿಯಾ. ನೀನು ಬೆನ್ನು ತಿರುಗಿಸಿದ್ದು ನೋಡಿದ ಮೇಲೆ ನನಗೆ ವ್ಯಾಕರಣ ಎಲ್ಲಿ ನೆನಪಿರುತ್ತೆ?"

"ಅಳೋದನ್ನ ನೀನು ನೋಡಬಾರದು ಅಂತ ತಿರುಗಿದ್ದು."

ಚ್ಚೆ... ಒಂದು ಪದ! ಅವಳ ಪದದಲ್ಲಿ ಕಾಲ ನೋಡಿ ಅವನು ದೂರವಾದ, ಅವನ ಪದದಲ್ಲಿ ವಿಭಕ್ತಿ ನೋಡಿ ಅವಳು ಬೆಂದುಹೋದಳು. ಅಷ್ಟು ಓದದಿದ್ದರೆ ಇಬ್ಬರೂ ಎಂದೋ ಸುಖವಾಗಿರುತ್ತಿದ್ದರೋ ಏನೋ.

ಸವೇರಿಯೊ ಕೋಟಿನ ಜೇಬಿಗೆ ಕೈ ಹಾಕಿದ. ನಾಳೆ ಬೆಳಗಿನ ರೈಲಿಗೆ ಟಿಕೆಟ್ ಇದೆ ಎಂದ. ನಿಘಂಟಿನ ಮುಂದಿನ ಸಂಪುಟಕ್ಕೆ ಇಲ್ಲೇ ಉಳಿಯಿರಿ ಎಂದು ಪ್ರೊಫೆಸರ್ ಬೆಳಗ್ಗೆಯೇ ಕೇಳಿದ್ದರಂತೆ. ಇವನು ಇನ್ನೂ ಉತ್ತರ ಕೊಟ್ಟಿರಲಿಲ್ಲ.

ಅದೇ ರೈಲು, ಅದೇ ಊರು. ಅಂದು ಗಂಟಲವರೆಗೆ ಬಂದದ್ದು ಬೇರೆಯೇ ಮಾತು. ಅದನ್ನು ಹೇಳಲು ನಾಚಿಕೆಯಾಗಿ, ಸೊಕ್ಕು ಅಡ್ಡ ಬಂದು, ಲ್ಯಾಟಿನ್ನಿನ ಹಿಂದೆ ಅಡಗಿ ಕೂತಿದ್ದಳು. ಈಗಲೂ ಸುಮ್ಮನಿದ್ದರೆ?

"ನಾಳೆ ಸ್ಟೇಷನ್ನಿಗೆ ಬರ್ತೀಯಾ?" ಎಂದು ಕೇಳಿದ ಅವನು.

"ಇಲ್ಲ."

ಅವನು ತಲೆ ತಗ್ಗಿಸಿದ.

ಎರ್ಸೀಲಿಯಾ ಅವನ ಕೋಟಿನ ತೋಳು ಹಿಡಿದಳು, ಗಟ್ಟಿಯಾಗಿ, ನಡುಬೀದಿಯಲ್ಲಿ. ತನ್ನ ಅಮ್ಮ, ಅಜ್ಜಿ ಮನೆಯಲ್ಲಿ ಆಡುವ ರಿಯೇತಿಯ ಮಾತಿನಲ್ಲಿ, ವಿಭಕ್ತಿ ಹುಡುಕದೆ, ಕಾಲ ನೋಡದೆ ಹೇಳಿದಳು:

"ಹೋಗ್ಬೇಡ."

ಅವನು ಸರಿಯಾಗಿ ಕೇಳಿಸಿತೋ ಇಲ್ಲವೋ ಎಂಬಂತೆ ಅವಳ ಮುಖವನ್ನೇ ನೋಡಿದ.

"ಅದರ ಅರ್ಥ?" ಎಂದ, ತುಂಬಿ ಬಂದ ಕಣ್ಣು ಒರೆಸಿಕೊಳ್ಳುತ್ತ.

"ಅದರ ಅರ್ಥ ಹೋಗ್ಬೇಡ ಅಂತ."

"ಸರಿ," ಎಂದ ಸವೇರಿಯೊ. "ಹೋಗಲ್ಲ."